ದ್ರಾಕ್ಷಾರಸ ಮುಟ್ಟದ ಸಂತರ ಹಬ್ಬದಲ್ಲಿ



ಜೂನ್ 24ರಂದು ನಾವು ಸ್ನಾನಿಕ ಯೊವಾನ್ನರ ಜನನದ ಮಹೋತ್ಸವವನ್ನು ಆಚರಿಸುತ್ತೇವೆ. ಸಂತರ ಹಬ್ಬವೆಂದರೆ ಸಾಮಾನ್ಯವಾಗಿ ಅವರು ಇಹಲೋಕ ಬಿಟ್ಟು ಸ್ವರ್ಗ ಸೇರಿದ ದಿನ. ಹುಟ್ಟಿದ ದಿನವನ್ನು ಧರ್ಮಸಭೆ ಕೊಂಡಾಡುವುದು ಮೂವರದ್ದು ಮಾತ್ರ: ಯೇಸುಸ್ವಾಮಿಯದು, ಮಾತೆ ಮರಿಯಮ್ಮನವರದು, ಮತ್ತು ಈ ಯೊವಾನ್ನರದು. ಇವರು ಹುಟ್ಟುವ ಮೊದಲೇ ಗಬ್ರಿಯೇಲ್ ದೂತನು ಜಕರೀಯನಿಗೆ ಒಂದು ವಿಷಯ ತಿಳಿಸಿದ್ದನೆಂದು ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿದೆ. ಈ ಮಗು ದ್ರಾಕ್ಷಾರಸವನ್ನಾಗಲಿ ಮದ್ಯವನ್ನಾಗಲಿ ಮುಟ್ಟುವುದಿಲ್ಲ ಎಂದು. ಹೀಗಿದ್ದೂ ಲೋಕದ ಎಷ್ಟೋ ಕಡೆ ಇವರ ಹಬ್ಬ ನಡೆಯುವುದು ಬಾಟಲಿಯ ಜೊತೆಗೇ!

ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ನಾವು ಹಳೆಯ ರೋಮಿಗೆ ತಲಪುತ್ತೇವೆ. ಹಗಲು ಅತಿ ದೀರ್ಘವಾಗಿರುವ ಕಾಲ ಅದು. ಅಲ್ಲಿನ ಜನ ಇದೇ ಜೂನ್ 24ರಂದು ಫೋರ್ಸ್ ಫೋರ್ಚುನಾ ಎಂಬ ಅದೃಷ್ಟ ದೇವತೆಯ ಉತ್ಸವ ಮಾಡುತ್ತಿದ್ದರು. ದೋಣಿಗಳನ್ನು ಹೂವಿನಿಂದ ಸಿಂಗರಿಸಿ, ಟೈಬರ್ ನದಿಯಲ್ಲಿ ತೇಲುತ್ತಾ, ದ್ರಾಕ್ಷಾರಸ ಕುಡಿಯುತ್ತಾ ಸಾಗುತ್ತಿದ್ದರೆಂದು ಕವಿ ಓವಿಡ್ ತನ್ನ 'ಫಾಸ್ಟಿ' ಎಂಬ ಕಾವ್ಯದಲ್ಲಿ ಬಣ್ಣಿಸಿದ್ದಾನೆ. ಧರ್ಮಸಭೆ ಈ ದಿನವನ್ನು ಆರಿಸಿಕೊಂಡದ್ದು ಆ ದೇವತೆಗಾಗಿ ಅಲ್ಲ. ಎಲಿಜಬೇತಮ್ಮನವರು ಮರಿಯಮ್ಮನವರಿಗಿಂತ ಆರು ತಿಂಗಳು ಮುಂಚೆ ಗರ್ಭಿಣಿಯಾಗಿದ್ದರೆಂದು ಶುಭಸಂದೇಶವೇ ಹೇಳುವುದರಿಂದ ಕ್ರಿಸ್ತಜಯಂತಿಗೆ ಆರು ತಿಂಗಳು ಮೊದಲು ಈ ಹಬ್ಬ ಬಂತು. ಆದರೆ ದಿನದ ಜೊತೆಗೆ ಹಳೆಯ ಅಭ್ಯಾಸಗಳೂ ಉಳಿದುಕೊಂಡವು.

ಈ ತೊಂದರೆಯನ್ನು ಎದುರಿಸಿದವರಲ್ಲಿ ಹಿಪ್ಪೋದ ಧರ್ಮಾಧ್ಯಕ್ಷ ಸಂತ ಅಗಸ್ಟೀನರೂ ಒಬ್ಬರು. ಅವರ ಒಂದು ಕ್ರಿಸ್ತಜಯಂತಿ ಪ್ರಬೋಧನೆಯಲ್ಲಿ ಸ್ವಾರಸ್ಯದ ಸಂಗತಿಯಿದೆ. ಯೊವಾನ್ನರ ಹಬ್ಬದ ದಿನ ಕ್ರೈಸ್ತರು ಸಮುದ್ರಕ್ಕೆ ಹೋಗಿ, ಅನ್ಯಮತೀಯರ ಪದ್ಧತಿಯಂತೆ ನೀರಿನಲ್ಲಿ ಮುಳುಗಿ ತಮಗೆ ತಾವೇ ಸ್ನಾನ ಕೊಟ್ಟುಕೊಂಡಿದ್ದರು. ಅಗಸ್ಟೀನರು ಅಂದು ಊರಲ್ಲಿರಲಿಲ್ಲ. ಗುರುಗಳು ಹಾಗೆ ಮಾಡಿದವರಿಗೆ ಪ್ರಾಯಶ್ಚಿತ್ತ ವಿಧಿಸಿದರು. ಜನ ಗೊಣಗಿದರು. ಮೊದಲೇ ಹೇಳಿದ್ದರೆ ನಾವು ಮಾಡುತ್ತಿದ್ದೆವೇ ಎಂಬುದು ಅವರ ದೂರು. (ಈ ದೂರು ಇಂದಿಗೂ ಎಲ್ಲ ಧರ್ಮಕೇಂದ್ರಗಳಲ್ಲಿ ಜೀವಂತವಾಗಿದೆ.) ಆದ್ದರಿಂದ ಅಗಸ್ಟೀನರು ಮುಂದಿನ ಹಬ್ಬಕ್ಕೆ ಆರು ತಿಂಗಳು ಮುಂಚಿತವಾಗಿಯೇ ಎಚ್ಚರಿಸಿದರು.

ಮುಂದೆ ಕ್ರಿ.ಶ. 601ರಲ್ಲಿ ಜಗದ್ಗುರು ಮಹಾ ಗ್ರೆಗೋರಿಯವರು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಎಂಬ ಮಠಾಧಿಪತಿಗೆ ಪತ್ರ ಬರೆದು, ವಿಗ್ರಹಗಳನ್ನು ತೆಗೆಯಿರಿ, ಗುಡಿಗಳನ್ನು ಕೆಡವಬೇಡಿ, ಜನರ ಹಬ್ಬದೂಟವನ್ನು ದೇವರ ಸ್ತುತಿಗೆ ತಿರುಗಿಸಿರಿ ಎಂದರು. ಆಮೇಲೆ ಯೂರೋಪಿನಾದ್ಯಂತ ಬೇಸಿಗೆಯ ಬೆಂಕಿಗಳು ಯೊವಾನ್ನರ ಬೆಂಕಿಗಳಾದವು. ಉರಿದು ಬೆಳಗುವ ದೀಪವೆಂದು ಯೇಸುಸ್ವಾಮಿಯೇ ಅವರನ್ನು ಕರೆದಿದ್ದರಲ್ಲ! ಲಾಟ್ವಿಯದಲ್ಲಿ ಓಕ್ ಎಲೆಯ ಕಿರೀಟ, ಜೀರಿಗೆಯಂಥ ಕಾಳು ಹಾಕಿದ ಗಿಣ್ಣು, ಬಿಯರ್; ಪೋರ್ಚುಗಲ್ಲಿನ ಪೋರ್ತೊ ನಗರದಲ್ಲಿ ಕೆಂಡದ ಮೇಲೆ ಸುಟ್ಟ ಬೂತಾಯಿ.

ಆ ಪೋರ್ಚುಗೀಸರೇ ಹಬ್ಬವನ್ನು ಗೋವಾಕ್ಕೆ ತಂದರು. ಬ್ರೆಜಿಲಿನಿಂದ ಗೇರು ಗಿಡವನ್ನು ತಂದವರೂ ಅವರೇ. ಗೇರುಹಣ್ಣನ್ನು ತುಳಿದು ರಸ ತೆಗೆದು, ಕೆಲವು ದಿನ ಹುಳಿ ಬರಿಸಿ, ಒಮ್ಮೆ ಭಟ್ಟಿ ಇಳಿಸಿದರೆ ಉರ್ರಾಕ್. ಅದಕ್ಕೆ ಮತ್ತೆ ರಸ ಸೇರಿಸಿ ಇಳಿಸಿದರೆ ಫೆನಿ. ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗೇರಿನ ಕಾಲ ಮುಗಿದು ಮಳೆ ಹಿಡಿದು ಬಾವಿ ತುಂಬುವ ಹೊತ್ತಿಗೆ 'ಸಾಂವ್ ಜುವಾಂವ್' ಬರುತ್ತದೆ. ಹುಡುಗರು ಎಲೆ, ಹೂವುಗಳ ಕೊಪೆಲ್ ತಲೆಗಿಟ್ಟುಕೊಂಡು, ಗುಮಟೆ ಬಾರಿಸುತ್ತಾ ಮನೆಮನೆಗೆ ಹೋಗಿ ಬಾವಿಗೆ ಹಾರುತ್ತಾರೆ. ಮರಿಯಮ್ಮನವರ ದನಿ ಕೇಳಿ ಎಲಿಜಬೇತಮ್ಮನವರ ಗರ್ಭದಲ್ಲಿ ಶಿಶು ನಲಿದಾಡಿದ್ದರ ನೆನಪು ಈ ಹಾರಾಟ. ಹೊಸ ಅಳಿಯ ಅತ್ತೆಮನೆಗೆ ಬಂದಿರುತ್ತಾನೆ. ಅತ್ತೆ ಹಣ್ಣಿನ ಬುಟ್ಟಿ ಕೊಡುತ್ತಾಳೆ, ಅಳಿಯ ಹುಡುಗರಿಗೆ ಫೆನಿ ಕೊಡಿಸಬೇಕು. ಒಳಗೆ ತೆಂಗಿನತುರಿ, ಬೆಲ್ಲದ ಹೂರಣವಿಟ್ಟು ಅರಿಶಿನ ಎಲೆಯಲ್ಲಿ ಹಬೆಗೆ ಬೇಯಿಸಿದ ಪಾತೊಳಿ ಮನೆಯಲ್ಲಿರುತ್ತದೆ. ಸಿಯೋಲಿಮಿನಲ್ಲಿ ಸಿಂಗರಿಸಿದ ದೋಣಿಗಳ ಮೆರವಣಿಗೆ. ರೋಮಿನ ದೋಣಿಗೂ ಇದಕ್ಕೂ ನಂಟು ಕಟ್ಟಲು ನಾವು ಹೊರಟಿಲ್ಲ. ಮಳೆಗಾಲದ ಹೊಳೆಯಿದ್ದಲ್ಲಿ ದೋಣಿ ತಾನಾಗಿ ಬರುತ್ತದೆ.

ಗರ್ಭದ ಸಂಭ್ರಮವನ್ನು ಬಾವಿಯ ನೀರಿನಲ್ಲಿ ಕಂಡ ಆ ಹಳ್ಳಿಯ ಜನರ ಭಕ್ತಿಗೆ ನಾವು ತಲೆಬಾಗುತ್ತೇವೆ. ಕುಡಿದು ಬಾವಿಗೆ ಹಾರುವವನ ಬಗ್ಗೆ ಹಾಗೆ ಹೇಳಲಾರೆವು. ಹಾರಿದವನು ಮೇಲೆ ಬರಲಿಲ್ಲವೆಂದರೆ ಹಬ್ಬದ ಮನೆ ಶವದ ಮನೆಯಾಗುತ್ತದೆ. ನಮ್ಮಲ್ಲಿ ಬಾವಿಗೆ ಹಾರುವ ಪದ್ಧತಿ ಇಲ್ಲದಿರಬಹುದು. ಆದರೆ ಮದುವೆ, ನಾಮಕರಣ, ಧರ್ಮಕೇಂದ್ರದ ವಾರ್ಷಿಕ ಹಬ್ಬ ಯಾವುದೇ ಇರಲಿ, ಬಾಟಲಿ ಇಲ್ಲದಿದ್ದರೆ ಮರ್ಯಾದೆಗೆ ಕಡಿಮೆ ಎಂದು ಸಾಲ ಮಾಡುವ ಕುಟುಂಬಗಳನ್ನು ನಾವು ಕಂಡಿದ್ದೇವೆ. ಹಬ್ಬದ ಸಂಜೆಯಾಗುತ್ತಿದ್ದಂತೆ ಅಪ್ಪ ಹೇಗೆ ಮನೆಗೆ ಬರುತ್ತಾರೋ ಎಂದು ಬಾಗಿಲು ನೋಡುತ್ತಾ ಕೂರುವ ಮಕ್ಕಳೂ ನಮ್ಮ ಧರ್ಮಕೇಂದ್ರಗಳಲ್ಲೇ ಇದ್ದಾರೆ. ಕಾನಾ ಊರಿನ ಮದುವೆಯನ್ನು ಇದಕ್ಕೆ ಸಾಕ್ಷಿಯಾಗಿ ತರುವವರು, ಅಲ್ಲಿ ಬಡ ಮನೆಯವರ ಮಾನ ಉಳಿಯಿತು ಎಂಬುದನ್ನು ಮರೆಯುತ್ತಾರೆ.

ಇದೇ ಹಬ್ಬದ ಇನ್ನೊಂದು ಪೇಯವಿದೆ. ಇಟಲಿಯ ಮೊದೆನಾ ಸೀಮೆಯಲ್ಲಿ ಯೊವಾನ್ನರ ಹಬ್ಬದ ರಾತ್ರಿ ಹೆಂಗಸರು ಹಸಿ ಅಕ್ರೋಟ್ ಕಾಯಿ ಕೀಳುತ್ತಾರೆ. ರೋಮನ್ನರಿಗೆ ಅಕ್ರೋಟ್ ಎಂದರೆ ಅವರ ದೇವರಾಜ ಜುಪಿಟರನ ಕಾಯಿ. ಅದರ ಲ್ಯಾಟಿನ್ ಹೆಸರಿನ ಅರ್ಥವೇ ಅದು. ಬರಿಗಾಲಿನಲ್ಲಿ ಮರ ಹತ್ತಬೇಕು, ಕಾಯಿಗೆ ಕಬ್ಬಿಣ ತಾಗಬಾರದು ಎಂಬೆಲ್ಲ ನಂಬಿಕೆಗಳಿವೆ. ಸ್ಪಿಲಂಬೆರ್ತೊ ಎಂಬ ಊರಿನ ಹೆಂಗಸರು ಈ ಪದ್ಧತಿ ಕಾಯಲು 1978ರಲ್ಲಿ ಒಂದು ಸಂಘವನ್ನೇ ಕಟ್ಟಿದರು. ಒಳಗಿನ ಚಿಪ್ಪು ಇನ್ನೂ ಗಟ್ಟಿಯಾಗಿರದ ಕಾಯಿಗಳನ್ನು ನಾಲ್ಕು ಹೋಳು ಮಾಡಿ, ಸಕ್ಕರೆ, ಮದ್ಯಸಾರ, ಸ್ವಲ್ಪ ಚಕ್ಕೆ ಲವಂಗದೊಂದಿಗೆ ಗಾಜಿನ ಭರಣಿಯಲ್ಲಿ ವಾರಗಟ್ಟಲೆ ಬಿಸಿಲಿಗಿಡುತ್ತಾರೆ. ಹಸಿರು ಕಾಯಿ ಕಪ್ಪು ರಸ ಬಿಡುತ್ತದೆ. ಸೋಸಿ ತೆಗೆದಿಟ್ಟ ಈ ನೊಚಿನೊ ತುಂಬ ಕಹಿ, ಹಬ್ಬದಂದೇ ಕುಡಿಯಲಾಗದು. ಹಗಲು ಕಿರಿದಾಗುತ್ತಾ ಬರುವ ತಿಂಗಳುಗಳಲ್ಲಿ ಅದು ಕತ್ತಲೆ ಕೋಣೆಯಲ್ಲಿ ಹದವಾಗುತ್ತದೆ. ತಾನು ಕಡಿಮೆಯಾಗಬೇಕು, ಬರುವವರು ಹೆಚ್ಚಬೇಕು ಎಂದ ಯೊವಾನ್ನರ ಮಾತನ್ನು ಅಗಸ್ಟೀನರು ಈ ಹಗಲಿನ ಇಳಿಕೆಗೇ ಹೋಲಿಸಿದ್ದರು. ಕ್ರಿಸ್ತಜಯಂತಿಯ ಊಟ ಮುಗಿದ ಮೇಲೆ ಭರಣಿ ತೆರೆದು, ಒಬ್ಬೊಬ್ಬರಿಗೆ ಒಂದು ಪುಟ್ಟ ಲೋಟ ಕೊಟ್ಟು, ಮತ್ತೆ ಮುಚ್ಚಿಡುತ್ತಾರೆ.