ಗಂಧದ ಕೊರಡಿನಿಂದ ಸಾಬೂನಿಗೆ: ಬೌದ್ಧಿಕ ಬಂಡವಾಳ ಮತ್ತು ವ್ಯವಹಾರ ತಂತ್ರ

ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧಕ್ಕೆ ಯುರೋಪಿನ ದಾರಿ ಮುಚ್ಚಿಹೋಯಿತು. ಅಲ್ಲಿಯವರೆಗೆ ಸಂಸ್ಥಾನ ಮುಖ್ಯವಾಗಿ ಮಾರುತ್ತಿದ್ದದ್ದು ಮರವನ್ನು. ಎಣ್ಣೆ ತೆಗೆಯುವ ವಿದ್ಯೆಯೂ ಅದರ ಲಾಭವೂ ಹೊರದೇಶದವರ ಪಾಲಾಗಿದ್ದವು. ಕೊರಡುಗಳು ರಾಶಿ ಬಿದ್ದಿದ್ದರೂ ಕೈಕಟ್ಟಿ ಕೂರಬೇಕಾದ ಆ ಸಂದರ್ಭ, ಬೌದ್ಧಿಕ ಬಂಡವಾಳದ ಅಧ್ಯಯನಕ್ಕೆ ನಮ್ಮ ನೆಲದಲ್ಲೇ ಸಿಗುವ ಒಳ್ಳೆಯ ನಿದರ್ಶನ.

ಈ ಪರಿಕಲ್ಪನೆಯನ್ನು ವ್ಯವಹಾರದ ಲೆಕ್ಕಕ್ಕೆ ತಂದವರಲ್ಲಿ ಸ್ವೀಡನ್ನಿನ ವಿಮಾ ಸಂಸ್ಥೆ ಸ್ಕಾಂಡಿಯಾದ ಲೀಫ್ ಎಡ್ವಿನ್ಸನ್ ಪ್ರಮುಖರು. ಆ ಸಂಸ್ಥೆ 1994ರ ವಾರ್ಷಿಕ ವರದಿಯ ಜೊತೆಗೆ ಬೌದ್ಧಿಕ ಬಂಡವಾಳದ್ದೇ ಪುರವಣಿಯೊಂದನ್ನು ಹೊರತಂದಿತು. ಈ ಬಂಡವಾಳಕ್ಕೆ ಮೂರು ಮುಖ. ನೌಕರರ ತಿಳಿವಳಿಕೆ ಮಾನವ ಬಂಡವಾಳ. ಅವರು ಸಂಜೆ ಮನೆಗೆ ಹೋದ ಮೇಲೂ ಸಂಸ್ಥೆಯಲ್ಲೇ ಉಳಿಯುವ ವಿಧಾನ, ದಾಖಲೆ, ಹಕ್ಕುಗಳು ಸಂರಚನಾ ಬಂಡವಾಳ. ಕೊಳ್ಳುವವರ ನಂಬಿಕೆ ಗ್ರಾಹಕ ಬಂಡವಾಳ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದೇ ತಂತ್ರದ ತಿರುಳು ಎಂಬುದು ಈ ಲೇಖನದ ನಿಲುವು.

ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರಿನಲ್ಲಿ ನಡೆದದ್ದು ಇದೇ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಗಂಧದೆಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಬೆಂಗಳೂರಿನಲ್ಲೇ ಸಿದ್ಧಪಡಿಸಿದರು. 1916ರಲ್ಲಿ ತಯಾರಿಕೆ ಆರಂಭವಾಯಿತು. ಸಾಬೂನು ಮಾಡುವುದನ್ನು ಕಲಿಯಲು ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಒಬ್ಬರ ತಲೆಯಲ್ಲಿದ್ದ ವಿದ್ಯೆ ಕಾರ್ಖಾನೆಯ ಕ್ರಮವಾಗಿ ನೆಲೆಗೊಂಡಿತು. ಆದ್ದರಿಂದಲೇ ಅವರ ಕಾಲದ ನಂತರವೂ ಉಳಿಯಿತು. ಹೀಗೆ ಹುಟ್ಟಿದ ಮೈಸೂರು ಸ್ಯಾಂಡಲ್ ಸೋಪಿನ, ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಡಬ್ಬಿ, ಮೊಟ್ಟೆಯಾಕಾರದ ಬಿಲ್ಲೆ, ಆನೆಯ ತಲೆಗೆ ಸಿಂಹದ ಮೈ ಸೇರಿದ ಶರಭದ ಗುರುತು ಇವೆಲ್ಲ ಗ್ರಾಹಕರ ನೆನಪಿನಲ್ಲಿ ಕೂತವು. ಇಂದು ಆ ಸೋಪಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ.

ಲೆಕ್ಕಪುಸ್ತಕ ಮಾತ್ರ ಈ ಬಂಡವಾಳವನ್ನು ಕಾಣುವುದಿಲ್ಲ. ಸ್ವಂತವಾಗಿ ಬೆಳೆಸಿದ ಬ್ರ್ಯಾಂಡನ್ನು ಭಾರತೀಯ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 38 ಆಸ್ತಿಯೆಂದು ಒಪ್ಪುವುದಿಲ್ಲ. ಸಾಫ್ಟ್‌ವೇರ್ ಸಂಸ್ಥೆ ಇನ್ಫೋಸಿಸ್ ಲೆವ್–ಶ್ವಾರ್ಟ್ಜ್ ಮಾದರಿಯಲ್ಲಿ ತನ್ನ ನೌಕರರ ಮೌಲ್ಯವನ್ನು ಅಂದಾಜಿಸಿ ವಾರ್ಷಿಕ ವರದಿಗಳಲ್ಲಿ ಕೊಡುತ್ತಿತ್ತು; ಅದು ದಿಟ್ಟ ಹೆಜ್ಜೆಯೇ. ಆದರೆ ಆ ಮಾದರಿ ಕಟ್ಟುವುದು ಮುಂದೆ ಸಿಗಲಿರುವ ಸಂಬಳಗಳ ಇಂದಿನ ಬೆಲೆಯನ್ನು. ನೌಕರನ ವಿದ್ಯೆ ಸಂಸ್ಥೆಯಲ್ಲಿ ಎಷ್ಟು ಉಳಿಯಿತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರ ಸಿಗುವುದು ಕಾರ್ಖಾನೆಯ ಒಳಗೆ. ನಮ್ಮ ವಾಣಿಜ್ಯ ವಿಭಾಗಗಳ ಸಂಶೋಧಕರಲ್ಲಿ ಕೋರುವುದಿಷ್ಟು: ವಾರ್ಷಿಕ ವರದಿಗಳಷ್ಟಕ್ಕೇ ನಿಲ್ಲದೆ, ನಿವೃತ್ತಿಯ ಅಂಚಿನಲ್ಲಿರುವ ಬಟ್ಟಿ ಇಳಿಸುವವರ, ಸಾಬೂನು ಕುದಿಸುವವರ ಪಕ್ಕದಲ್ಲಿ ನಿಂತು ಅವರ ಕೈಕೆಲಸವನ್ನು ಬರೆದಿಡಿ.