ಅರೆಹೊಟ್ಟೆಯ ಇಲಿಗಳು ಮತ್ತು ಸಕ್ಕರೆ ಕಾಯಿಲೆ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಗಳನ್ನು ನೀವು ದೂರದಿಂದಲಾದರೂ ನೋಡಿರಬಹುದು. ಒಳಗೆ ಹಾಕಿದ ಕೋಕ್ ಎಷ್ಟು, ಹೊರಬಂದ ಉಷ್ಣ ಎಷ್ಟು ಎಂಬ ಲೆಕ್ಕ ಭೌತವಿಜ್ಞಾನದ ವಿದ್ಯಾರ್ಥಿಗೆ ಹೊಸದಲ್ಲ. ಪ್ರಾಣಿಯ ದೇಹಕ್ಕೂ ಶಕ್ತಿ ಸಂರಕ್ಷಣೆಯ ಅದೇ ನಿಯಮ ಅನ್ವಯಿಸುತ್ತದೆ. ಆದರೆ ಪ್ರಾಣಿಯು ಹೆಚ್ಚುವರಿ ಇಂಧನವನ್ನು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ಹಾಗಾದರೆ ಆಹಾರದ ಕ್ಯಾಲೊರಿಯನ್ನು ಕಡಿತಗೊಳಿಸಿದರೆ ಬೊಜ್ಜಿನ ಬೆನ್ನು ಹತ್ತಿ ಬರುವ ಮಧುಮೇಹ ತಪ್ಪೀತೆ? (ಆಹಾರತಜ್ಞರ ಕ್ಯಾಲೊರಿ ನಮ್ಮ ಪಠ್ಯಪುಸ್ತಕದ ಕ್ಯಾಲೊರಿಯ ಸಾವಿರ ಪಟ್ಟು ಎಂಬುದನ್ನು ತರಗತಿಯಲ್ಲಿ ಹೇಳಲು ಮರೆಯಬೇಡಿ.)

1870-71ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ಆಹಾರದ ಅಭಾವ ತಲೆದೋರಿದಾಗ, ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಇಳಿದುದನ್ನು ವೈದ್ಯ ಬೂಶಾರ್ದಾ ಗಮನಿಸಿದ. ಮುಂದೆ ಅಮೆರಿಕದ ಫ್ರೆಡರಿಕ್ ಆಲೆನ್ ನಾಯಿಗಳ ಮೇದೋಜೀರಕ ಗ್ರಂಥಿಯ ಬಹುಭಾಗವನ್ನು ಕತ್ತರಿಸಿ ತೆಗೆದು ಪ್ರಯೋಗ ನಡೆಸಿದ. ಹೊಟ್ಟೆ ತುಂಬ ತಿಂದ ನಾಯಿಗಳಿಗೆ ಮಧುಮೇಹ ಉಲ್ಬಣಿಸುತ್ತಿತ್ತು, ಮಿತವಾಗಿ ತಿಂದವುಗಳಲ್ಲಿ ಹತೋಟಿಯಲ್ಲಿರುತ್ತಿತ್ತು. ಇದೇ ಪಥ್ಯವನ್ನು ಆತ ರೋಗಿಗಳಿಗೂ ವಿಧಿಸಿದ. ಅವರಲ್ಲೊಬ್ಬಳಾದ ಎಲಿಜಬೆತ್ ಹ್ಯೂಸ್ 1922ರಲ್ಲಿ ಇನ್ಸುಲಿನ್‌ಗಾಗಿ ಟೊರಾಂಟೊ ತಲುಪಿದಾಗ ಹದಿಹರೆಯದ ಆ ಹುಡುಗಿಯ ತೂಕ ಸುಮಾರು 20 ಕಿಲೋಗ್ರಾಂ! ಆಲೆನ್ ನಿರ್ದಯಿಯಾಗಿರಲಿಲ್ಲ, ಅವನ ಕೈಯಲ್ಲಿ ಬೇರೆ ಉಪಾಯವಿರಲಿಲ್ಲ. ಇನ್ಸುಲಿನ್ ಇಲ್ಲದಿರುವುದು ಬೇರೆ, ಇದ್ದೂ ಅದು ಕೆಲಸ ಮಾಡದಿರುವುದು ಬೇರೆ. ಬೊಜ್ಜಿನ ಮಧುಮೇಹ ಬಹುಪಾಲು ಎರಡನೆಯ ಬಗೆಯದು.

ಈ ಎರಡನೆಯ ಬಗೆಯನ್ನು ಅಭ್ಯಸಿಸಲು ತಕ್ಕ ಪ್ರಾಣಿ ಬೇಕಿತ್ತು. 1950ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟಾ ಬೊಜ್ಜಿನ ಚಿಟ್ಟಿಲಿಯ ತಳಿ ವರದಿಯಾಯಿತು. 'ಸಾಕು' ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ಅದರಲ್ಲಿಲ್ಲವೆಂದು ಗೊತ್ತಾದದ್ದು 1994ರಲ್ಲಿ. ನಡುವೆ, 1984ರಲ್ಲಿ, ಒಂದು ವಿಚಿತ್ರ ಫಲಿತಾಂಶ ಬಂದಿತು. ಆಹಾರ ಕಡಿತಗೊಳಿಸಿದ ಈ ಇಲಿಗಳ ಮೈಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬೇ ಉಳಿದಿತ್ತು. ಆದರೂ ಅವು ತೆಳುಮೈಯ ಇಲಿಗಳಷ್ಟೇ ಕಾಲ ಬದುಕಿದವು. ಎಂದರೆ ಮೈಯಲ್ಲಿರುವ ಕೊಬ್ಬು ಮತ್ತು ಹೊಟ್ಟೆಗೆ ಬೀಳುವ ಆಹಾರ ಎರಡನ್ನೂ ಒಂದೇ ಎಂದು ಎಣಿಸುವಂತಿಲ್ಲ.

ನಮ್ಮ ನೆರೆಯ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಈ ಕಥೆಯಲ್ಲಿದೆ. ಇದರ ಬೇರು 1918ರಲ್ಲಿ ಮೆಕ್ಯಾರಿಸನ್ ಕೂನೂರಿನಲ್ಲಿ ಆರಂಭಿಸಿದ ಬೆರಿಬೆರಿ ಸಂಶೋಧನೆಯಲ್ಲಿದೆ. ಸಂಸ್ಥೆ ಹೈದರಾಬಾದಿಗೆ ಬಂದದ್ದು 1958ರಲ್ಲಿ. ಅದು ದಶಕಗಳಿಂದ ಸಾಕಿಕೊಂಡು ಬಂದ ವಿಸ್ಟಾರ್ ಇಲಿಗಳ ನಡುವೆ 1996ರಲ್ಲಿ ತಾನಾಗಿಯೇ ಬೊಜ್ಜಿನ ಇಲಿಯೊಂದು ಕಾಣಿಸಿತು. ಇದರ ರಕ್ತದಲ್ಲಿ ಲೆಪ್ಟಿನ್ ಧಾರಾಳವಾಗಿದೆ, ಇನ್ಸುಲಿನ್ನೂ ಹೆಚ್ಚು. ಆದರೂ ಸಕ್ಕರೆ ಬಹುಮಟ್ಟಿಗೆ ಸಹಜವಾಗಿಯೇ ಇರುತ್ತದೆ! ಇದರ ಸೋದರ ತಳಿಯೊಂದರಲ್ಲಿ ಮಾತ್ರ ಗ್ಲೂಕೋಸನ್ನು ನಿಭಾಯಿಸುವ ಶಕ್ತಿ ಕುಂದಿರುತ್ತದೆ. ಬೊಜ್ಜಿನಿಂದ ಮಧುಮೇಹಕ್ಕೆ ಹೋಗುವ ದಾರಿ ನೇರವಾದುದಲ್ಲ.

ಇಲಿಗಿಂತ ನಮಗೆ ಹತ್ತಿರದ ಪ್ರಾಣಿ ರೀಸಸ್ ಮಂಗ. ಹಂಪಿಯಲ್ಲಿ ಯಾತ್ರಿಕರ ಕೈಯಿಂದ ಬಾಳೆಹಣ್ಣು ಕಸಿಯುವ ಮಂಗವೂ ಅದೇ ಕುಲದ್ದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1989ರಿಂದ ಒಂದು ಗುಂಪಿಗೆ ಸುಮಾರು 30 ಶೇಕಡಾ ಆಹಾರ ಕಡಿತಗೊಳಿಸಲಾಯಿತು. 2009ರ ವರದಿಯಂತೆ, ಯಥೇಚ್ಛ ಉಂಡ 38 ಮಂಗಗಳಲ್ಲಿ 5ಕ್ಕೆ ಮಧುಮೇಹ ಬಂದಿತ್ತು, ಇನ್ನೂ 11 ಅದರ ಹೊಸ್ತಿಲಲ್ಲಿದ್ದವು. ಕಡಿಮೆ ಉಂಡ ಗುಂಪಿನಲ್ಲಿ ಒಂದಕ್ಕೂ ಇಲ್ಲ.

2012ರಲ್ಲಿ ಅಮೆರಿಕದ ರಾಷ್ಟ್ರೀಯ ವಾರ್ಧಕ್ಯ ಸಂಸ್ಥೆ ತನ್ನ ಮಂಗಗಳ ವಿವರ ಪ್ರಕಟಿಸಿತು. ಕಡಿಮೆ ತಿಂದದ್ದರಿಂದ ಆಯುಷ್ಯ ಹೆಚ್ಚಾಗಿರಲಿಲ್ಲ! ವಿಜ್ಞಾನಿಗಳಲ್ಲಿ ಬಿಸಿಬಿಸಿ ಚರ್ಚೆಯಾಯಿತು. ಭೌತವಿಜ್ಞಾನಿಯಾದ ನನಗೆ ಇಲ್ಲಿ ಮೊದಲು ಹೊಳೆಯುವ ಪ್ರಶ್ನೆ, ಮಾಪನದ ಸೊನ್ನೆಯನ್ನು ಎಲ್ಲಿ ಇಟ್ಟಿದ್ದರು ಎಂಬುದು. ವಿಸ್ಕಾನ್ಸಿನ್‌ನ ಆಹಾರದಲ್ಲಿ 28.5 ಶೇಕಡಾ ಸುಕ್ರೋಸ್ ಇತ್ತು, ಈ ಸಂಸ್ಥೆಯದರಲ್ಲಿ 3.9 ಶೇಕಡಾ ಮಾತ್ರ. ಅಲ್ಲದೆ ಇಲ್ಲಿ ಹೋಲಿಕೆಗೆಂದು ಇಟ್ಟಿದ್ದ ಮಂಗಗಳಿಗೂ ಅಳೆದೇ ಉಣಿಸುತ್ತಿದ್ದರು. 2017ರಲ್ಲಿ ಎರಡೂ ತಂಡಗಳು ತಮ್ಮ ಅಂಕಿಅಂಶಗಳನ್ನು ಒಟ್ಟಿಗಿಟ್ಟು ನೋಡಿದಾಗ, ಆಹಾರ ಕಡಿತದಿಂದ ಆರೋಗ್ಯ ಸುಧಾರಿಸುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯ ಉಳಿಯಲಿಲ್ಲ. ವಾರ್ಧಕ್ಯ ಸಂಸ್ಥೆಯ 'ಹೊಟ್ಟೆ ತುಂಬ' ಉಂಡ ಮಂಗಗಳು ವಿಸ್ಕಾನ್ಸಿನ್‌ನವುಗಳಿಗಿಂತ ಮೊದಲಿನಿಂದಲೂ ಹಗುರವಾಗಿದ್ದವು.