ಆಲೇಖಕ್ಕೆ ವರ್ಣವಿತ್ತವರು

ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ವೇದಾ ಮತ್ತು ಅವತಿಗಳಾಗಿ ಹುಟ್ಟಿ, ಕೂಡಿ ಹರಿದು, ಬಯಲುನಾಡಿನಲ್ಲಿ ಹಗರಿಯೆನಿಸಿಕೊಂಡು, ಸಿರುಗುಪ್ಪದ ನೆಲದಲ್ಲಿ ತುಂಗಭದ್ರೆಯನ್ನು ಸೇರುವ ವೇದಾವತಿಯು ರಾರಾವಿಯ ಬಳಿ ವರ್ಷದ ಬಹುಕಾಲ ಮರಳಿನ ಹರವಾಗಿಯೇ ಇರುತ್ತದೆ. ಮೇಲಣ ನಾಡಿನ ಮಳೆನೀರು ಒಮ್ಮೆಗೇ ಇಳಿದು ಬಂದಾಗ ಮಾತ್ರ ಆದವಾನಿಯ ದಾರಿಯ ಸೇತುವೆಯನ್ನೇ ಮುಳುಗಿಸುವುದುಂಟು. ಈ ಹೊಳೆಯ ಮಟ್ಟವನ್ನು ದಿನದಿನವೂ ಗುರುತಿಸಿ ಆಲೇಖವಾಗಿ ಬರೆದರೆ, ಆದ್ಯಂತ ಏಕವರ್ಣವಾದ ಆ ವಕ್ರರೇಖೆಯು ಎಲ್ಲವನ್ನೂ ಹೇಳಿಯೂ ಊರಿಗೆ ಬೇಕಾದುದನ್ನು ಹೇಳದು. ಸೇತುವೆಯ ಮಟ್ಟವನ್ನು ಮೀರಿದ ಭಾಗಕ್ಕಷ್ಟೇ ಕೆಂಪು ತುಂಬಿದರೆ, ದಾರಿ ಕಡಿದುಹೋದ ದಿನಗಳು ಓದುವವನ ಕಣ್ಣಿಗೆ ಕಟ್ಟುತ್ತವೆ.

ಈ ಪದ್ಧತಿಯು ಗಣಕಯಂತ್ರಕ್ಕಿಂತ ಬಹು ಪ್ರಾಚೀನವಾದುದು. ರಾರಾವಿಯನ್ನೊಳಗೊಂಡ ಬಳ್ಳಾರಿಯ ಸೀಮೆಯು ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಹೋದುದು 1800ರಲ್ಲಿ. ಅದಕ್ಕೆ 14 ವರ್ಷ ಮೊದಲೇ, 1786ರಲ್ಲಿ, ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತನು ಇಂಗ್ಲೆಂಡಿನ ವಾಣಿಜ್ಯವನ್ನು ರೇಖೆಗಳಲ್ಲಿ ತೋರಿಸುವ ಸಂಪುಟವೊಂದನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಡೆನ್ಮಾರ್ಕ್ ಮತ್ತು ನಾರ್ವೆಗಳೊಡನೆ 1700ರಿಂದ 1780ರವರೆಗೆ ನಡೆದ ವ್ಯಾಪಾರದ ಪಟದಲ್ಲಿ ಆಮದಿನ ರೇಖೆಯೊಂದು, ರಫ್ತಿನ ರೇಖೆಯೊಂದು; ಶತಮಾನದ ನಡುವೆ ಅವು ಒಂದನ್ನೊಂದು ಹಾಯುತ್ತವೆ. ಹಾಯುವ ಮೊದಲಿನ ಎಡೆಗೆ ನಷ್ಟಸೂಚಕವಾದ ಒಂದು ವರ್ಣ, ಆಚೆಯದಕ್ಕೆ ಲಾಭಸೂಚಕವಾದ ಇನ್ನೊಂದು. ತಾಮ್ರದ ಫಲಕದಲ್ಲಿ ಕೊರೆದು ಮುದ್ರಿಸಿದ ಹಾಳೆಗಳಿಗೆ ಕುಂಚದಿಂದಲೇ ಬಣ್ಣವಿಡಬೇಕಾಗಿದ್ದ ಆ ಕಾಲದಲ್ಲಿ, ಅಂಕಿಗಳ ಅಂತರಕ್ಕೆ ವರ್ಣದಿಂದ ಅರ್ಥವನ್ನಿತ್ತ ಆ ಕಾರ್ಯವು, ನನ್ನ ಎಣಿಕೆಯಲ್ಲಿ, ರೇಖೆಯನ್ನೆಳೆದುದಕ್ಕಿಂತಲೂ ದೊಡ್ಡದು. ರೇಖೆ ಅಳತೆಯನ್ನು ಒಪ್ಪಿಸುತ್ತದೆ. ಬಣ್ಣವಿಡುವವನು ಅಳತೆಯ ಯಾವ ಅಂಶ ಯಾರಿಗೆ ಮುಖ್ಯವೆಂಬುದನ್ನು ನಿರ್ಣಯಿಸಿರಲೇಬೇಕು.

ಕುಂಚದ ಕೆಲಸವನ್ನು ಮುಂದೆ ತಂತ್ರಾಂಶಗಳು ವಹಿಸಿಕೊಂಡವು. 1986ರಲ್ಲಿ ಗ್ನೂಪ್ಲಾಟ್, 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರರು ಆರಂಭಿಸಿದ ಜಿಯೋಜೀಬ್ರಾ, 2003ರಲ್ಲಿ ನರವಿಜ್ಞಾನಿ ಜಾನ್ ಹಂಟರರ ಮ್ಯಾಟ್‌ಪ್ಲಾಟ್‌ಲಿಬ್ ಬಂದವು. ಇಲ್ಲಿ ಬಣ್ಣವಿಡುವುದೆಂದರೆ ನಿಬಂಧನೆಯೊಂದನ್ನು ವಿಧಿಸುವುದು: ಮಟ್ಟವು ಇಷ್ಟನ್ನು ಮೀರಿದರೆ ಕೆಂಪು, ಇಲ್ಲವಾದರೆ ನೀಲಿ.

ಆದರೆ ಯಂತ್ರವು ಅಖಂಡವಾದ ವಕ್ರವನ್ನರಿಯದು, ಬಿಡಿ ಬಿಂದುಗಳನ್ನಷ್ಟೇ ಬಲ್ಲುದು. ಸೋಮವಾರ ಸೇತುವೆಗಿಂತ ಕೆಳಗಿದ್ದ ನೀರು ಮಂಗಳವಾರ ಮೇಲೇರಿದ್ದರೆ, ದಾಟಿದ ಕ್ಷಣವು ಆ ಎರಡು ಬಿಂದುಗಳ ನಡುವೆಲ್ಲೋ ಇದೆ. ಅದನ್ನು ಲೆಕ್ಕಹಾಕದೆ ಬಿಟ್ಟರೆ ಕೆಂಪು ಮಂಗಳವಾರವೇ ಮೊದಲಾಗಿ, ನಡುವೆ ಬಿಳಿಯ ತೆರಪು ಉಳಿಯುತ್ತದೆ. ಎರಡು ಬಿಂದುಗಳನ್ನು ಕೂಡಿಸುವ ಸರಳರೇಖೆಯು ಸೇತುವೆಯ ಮಟ್ಟವನ್ನು ಎಲ್ಲಿ ಛೇದಿಸುವುದೋ ಅಲ್ಲಿಂದಲೇ ಬಣ್ಣವನ್ನು ಆರಂಭಿಸುವ ಏರ್ಪಾಡು ಮ್ಯಾಟ್‌ಪ್ಲಾಟ್‌ಲಿಬ್ಬಿನಲ್ಲಿದೆ. ಬಳಸುವವನು ಅದನ್ನು ಕೇಳಿ ಪಡೆಯಬೇಕು. ಸೋಮವಾರ ಸಂಜೆಯೇ ಬಂಡಿಗಳು ಹೊಳೆಯ ದಡದಲ್ಲಿ ನಿಂತುಬಿಟ್ಟಿದ್ದರೆ, ರಾರಾವಿಯ ಆಲೇಖದಲ್ಲಿ ಆ ತೆರಪು ಸುಳ್ಳಾಗುತ್ತದೆ.